ಹೂಂ ಅನ್ನದ ಪುಟ

"ನಿಮ್ಮ ಅವಳಿಗಳು ಬಂದಿದಾರೆ ನೋಡಿ" ಎಂದು ಕೌಂಟರಿನ ಅಕ್ಕ ಬಾಗಿಲಲ್ಲಿ ನಿಂತು ಹೇಳಿದಾಗ ಅವನು ತಲೆ ಎತ್ತಲಿಲ್ಲ. ಕಿಟಕಿಯ ಕೆಳಗಿನ ಬೆಂಚನ್ನು ಪೆನ್ನಿನಿಂದಲೇ ತೋರಿಸಿ, "ಅಲ್ಲಿಡಿ, ಆಮೇಲೆ ನೋಡ್ತೀನಿ" ಎಂದ. ಅಂದ ಮೇಲೆ ತನ್ನ ಬಾಯಿಂದ ಬಂದ ಆ 'ಆಮೇಲೆ'ಗೇ ಅವನಿಗೆ ಸಿಟ್ಟು ಬಂತು. ಅದು ಅವನ ಮಾತಲ್ಲ, ಒಳಕೋಣೆಯಲ್ಲಿ ಕೂತ ಮುಖ್ಯಸ್ಥರ ಮಾತು. ಯಾರು ಏನು ಕೇಳಿದರೂ 'ಆಮೇಲೆ ನೋಡೋಣ' ಎನ್ನುತ್ತಿದ್ದುದರಿಂದ ಕಚೇರಿ ಅವರನ್ನು ಬೆನ್ನ ಹಿಂದೆ ಆಮೇಲೆ ಸಾಹೇಬರು ಎಂದೇ ಕರೆಯುತ್ತಿತ್ತು. ಒಂದೇ ಸೂರಿನ ಕೆಳಗೆ ಆರು ವರ್ಷ ಕೂತರೆ ನೆಗಡಿ ಅಂಟುವ ಹಾಗೆ ಮಾತೂ ಅಂಟುತ್ತದೆ. ಅವಳಿ ಎಂಬ ಮಾತೂ ಹಾಗೆ ಅಂಟಿದ್ದೇ. ಕಿವಿ ಕೇಳಿಸದ ಮಕ್ಕಳ ವಸತಿ ಶಾಲೆಗೆ ಕಚೇರಿ ಈ ವರ್ಷ ಮೊದಲ ಸಲ ಕಾಗದ ಬಿಟ್ಟು ಜಾಲತಾಣದಲ್ಲಿ ಅರ್ಜಿ ಕರೆದಿತ್ತು. ನಲವತ್ತು ಹಾಸಿಗೆಗೆ ಒಂಬೈನೂರು ಅರ್ಜಿ ಬಂದಿದ್ದವು; ಬಿಡಿಸಿ ನೋಡಿದರೆ ಮೂರರಲ್ಲೊಂದು ಬಂದದ್ದೇ ಮತ್ತೆ ಬಂದದ್ದು. ಅದೇ ಮಗು, ಅದೇ ಹುಟ್ಟಿದ ತಾರೀಕು, ಅದೇ ಮನೆ. ಅವಕ್ಕೆ ಅವಳಿಗಳು ಎಂದು ಹೆಸರಿಟ್ಟವಳು ಕೌಂಟರಿನ ಅಕ್ಕನೇ. ಅರ್ಜಿ ಕರೆದಿದ್ದ ಮೂರು ವಾರವೂ ಬೆಳಗಿನ ಚಹಾದ ಹೊತ್ತಿಗೆ 'ನಿನ್ನೆ ಎಷ್ಟು ಹೆರಿಗೆ?' ಎಂದು ಯಾರಾದರೂ ಕೇಳುವುದು, ಅವನು ಒಂದು ಸಂಖ್ಯೆ ಹೇಳುವುದು, ಎಲ್ಲರೂ ನಗುವುದು. ಅವನೂ ನಗುತ್ತಿದ್ದ. ಅರ್ಜಿಯ ಪುಟ ಬರೆದವನು ಅವನೇ ಆದ್ದರಿಂದ ಸೂಲಗಿತ್ತಿ ಎಂಬ ಅಡ್ಡಹೆಸರು ಅವನಿಗೆ ಬಿದ್ದಿತ್ತು.

ಅವನ ಸಿಟ್ಟು ಮೊದಮೊದಲು ಜನರ ಮೇಲಿತ್ತು. ಅರ್ಜಿ ತುಂಬಿ ಕೆಳಗಿನ ಬಟನ್ ಒತ್ತುತ್ತಾರೆ. ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗುತ್ತದೆ. ಹಳೆಯ ಸರ್ವರ್, ಇಪ್ಪತ್ತು ಎಣಿಸುವ ತನಕ ಉಸಿರೇ ಇಲ್ಲ. ಅರ್ಜಿ ಮುಟ್ಟಿದ ಮೇಲಾದರೂ ಪುಟ ಬದಲಾಗುತ್ತದೆಯೇ ಎಂದರೆ ಅದೂ ಇಲ್ಲ, ಮೇಲೆ ಎಲ್ಲೋ ಸಣ್ಣಕ್ಷರದಲ್ಲಿ ಒಂದು ಸಾಲು ಬರುತ್ತದೆ, ಅಷ್ಟೇ. ಜನ ಪುಟವನ್ನು ರಿಫ್ರೆಶ್ ಮಾಡುತ್ತಾರೆ. ರಿಫ್ರೆಶ್ ಮಾಡಿದರೆ ಬ್ರೌಸರ್ ಪೆದ್ದ ಆಳಿನ ಹಾಗೆ, ಕೊನೆಗೆ ಹೇಳಿದ ಕೆಲಸವನ್ನೇ ಇನ್ನೊಂದು ಸಲ ಮಾಡಿ ಬರುತ್ತದೆ: ಅದೇ ಅರ್ಜಿ ಎತ್ತಿಕೊಂಡು ಅದೇ ಬಾಗಿಲಿಗೆ. 'ಮತ್ತೆ ಕಳಿಸಲೇ?' ಎಂದು ಅದು ಕೇಳುವುದೂ ಉಂಟು, ಆದರೆ ಅದು ಕೇಳುವ ಭಾಷೆ ಯಾವ ತಾಯಿಗೆ ಅರ್ಥವಾಗಬೇಕು; ಹೌದು ಎಂದು ಒತ್ತುತ್ತಾರೆ. ಇದಕ್ಕೆ ಮದ್ದು ಇರಲಿಲ್ಲವೆಂದಲ್ಲ. ಅರ್ಜಿ ಕೈಗೆ ಬಂದ ಕ್ಷಣ ಬಂದವರನ್ನು ಆ ಪುಟದಲ್ಲಿ ನಿಲ್ಲಿಸಿಕೊಳ್ಳದೆ ಬೇರೊಂದು ಪುಟಕ್ಕೆ ಕಳಿಸಿಬಿಡಬೇಕು, 'ಬಂತು, ನಿಮ್ಮ ಸಂಖ್ಯೆ ಇಂತಿಷ್ಟು' ಎಂದು ಹೇಳುವ ಪುಟಕ್ಕೆ. ಅಲ್ಲಿ ನಿಂತು ನೂರು ಸಲ ರಿಫ್ರೆಶ್ ಮಾಡಲಿ, ಆ ಮಾತೇ ನೂರು ಸಲ ಕಾಣುತ್ತದೆ, ಅರ್ಜಿ ಹೋಗುವುದಿಲ್ಲ. ಅದರ ಜೊತೆಗೆ ಪ್ರತಿ ಅರ್ಜಿಯ ಹೊಟ್ಟೆಯೊಳಗೆ ಒಂದೇ ಸಲ ನಡೆಯುವ ಗುಟ್ಟಿನ ಸಂಖ್ಯೆ ಇಟ್ಟರೆ, ಎರಡನೆಯ ಸಲ ಬಂದದ್ದನ್ನು ಬಾಗಿಲಲ್ಲೇ ಗುರುತು ಹಿಡಿಯಬಹುದು. ಎರಡು ದಿನದ ಕೆಲಸ. ಅವನು ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಒಯ್ದು ತೋರಿಸಿದ್ದ. ಆಮೇಲೆ ಸಾಹೇಬರು ಹಾಳೆಯ ಮೇಲೆ ಕನ್ನಡಕ ಇಟ್ಟು, "ಇದೆಲ್ಲ ಆಮೇಲೆ ನೋಡೋಣ. ಸದ್ಯಕ್ಕೆ ಕೆಂಪಕ್ಷರದಲ್ಲಿ ರಿಫ್ರೆಶ್ ಮಾಡಬೇಡಿ ಅಂತ ಹಾಕಿ. ಜನ ಕಲೀತಾರೆ" ಎಂದಿದ್ದರು. ಅವನು ಹಾಕಿದ. ಬೇಡ ಎಂದು ಬರೆದ ಕಡೆಯೇ ಜನ ಮಾಡುವುದು. ಗೋಡೆ ನೋಡಿದರೆ ಗೊತ್ತಾಗುತ್ತದೆ.

ಚಿಕ್ಕಂದಿನಲ್ಲಿ ಬೆಳಗಿನ ಜಾವ ಅಪ್ಪ ಹೊದಿಕೆ ಹೊದ್ದು ಕೂತು ಪದ್ಯ ಹೇಳುತ್ತಿದ್ದರು. ರಾಗವಾಗಿ, ಕಣ್ಣು ಮುಚ್ಚಿ, ಎದುರಿಗೆ ಸಾವಿರ ಜನ ಕೂತಿದ್ದಾರೆಂಬ ಹಾಗೆ. ಕೂತದ್ದು ಅವನೊಬ್ಬನೇ, ಮೊಣಕಾಲಿಗೆ ಗದ್ದ ಊರಿ. ನಡುವೆ ಪದ್ಯ ನಿಲ್ಲಿಸಿ ಕಥೆ ಬಿಡಿಸಿ ಹೇಳುವಾಗ ಅವನು ಹೂಂಗುಟ್ಟಬೇಕು. ತೂಕಡಿಸಿ ಒಂದು ಹೂಂ ತಪ್ಪಿದರೆ ಅಪ್ಪ ಹಿಂದಿನ ಮಾತಿಗೇ ಹೋಗಿ ಅಲ್ಲಿಂದ ಮತ್ತೆ ಶುರುಮಾಡುತ್ತಿದ್ದರು. "ಹೇಳಿದ್ದನ್ನೇ ಹೇಳೋ ಕಿಸಬಾಯಿ ದಾಸ" ಎಂದು ಒಳಗಿನಿಂದ ಅಮ್ಮ ಛೇಡಿಸಿದರೆ, "ನಿನ್ನ ಮಗ ಹೂಂ ಅನ್ನಲಿಲ್ಲ ಕಣೇ. ಕೇಳೋನು ಹೂಂ ಅನ್ನದಿದ್ರೆ ಹೇಳೋನು ಇನ್ನೇನು ಮಾಡ್ತಾನೆ? ಮುಟ್ಟಿತೋ ಇಲ್ಲವೋ ಅಂತ ಇನ್ನೊಂದು ಸಲ ಹೇಳ್ತಾನೆ" ಎನ್ನುತ್ತಿದ್ದರು. ಹೊದಿಕೆ ಎಳೆದುಕೊಂಡು, "ದೇವರೂ ಹೂಂ ಅನ್ನಲ್ಲ. ಅದಕ್ಕೇ ನಾವು ದಿನಾ ಹೇಳಿದ್ದನ್ನೇ ಹೇಳೋದು" ಎಂದು ನಕ್ಕಿದ್ದರು ಒಮ್ಮೆ. ಆ ನಗೆಯಲ್ಲಿ ದೂರು ಇರಲಿಲ್ಲ. ಅವನಲ್ಲಿ ಈಗ ಇದ್ದದ್ದು ಬರೀ ದೂರು. ಇವತ್ತು ಬೆಳಿಗ್ಗೆ ಹೆಂಡತಿ ಅಡಿಗೆಮನೆಯ ನಲ್ಲಿ ಸೋರುವುದನ್ನು ಮೂರು ಸಲ ಹೇಳಿದ್ದಳು. ನಾಲ್ಕನೆಯ ಸಲ "ಗೋಡೆಗೆ ಹೇಳಿದ್ರೂ ಪ್ರತಿಧ್ವನಿ ಆದ್ರೂ ಬರ್ತಿತ್ತು" ಎಂದಾಗ ಅವನು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಿದ್ದ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಹೂಂ ಎನ್ನದ ಪುಟವೊಂದನ್ನು ಬರೆದು ಆರುನೂರು ಮನೆಗಳಿಗೆ ಬಿಟ್ಟವನು ತಾನು ಎಂಬುದು ಹೊಳೆದು, ಹೊಳೆದ ಕೂಡಲೇ ಅದರ ಮೇಲೂ ಸಿಟ್ಟು ಬಂದು, ಪಕ್ಕದವನ ಮೊಣಕೈಯನ್ನು ಬೇಕಿದ್ದಕ್ಕಿಂತ ಜೋರಾಗಿ ತಳ್ಳಿದ್ದ.

"ಅಲ್ಲಿಡಿ ಅಂದ್ರಲ್ಲ, ಎಲ್ಲಿಡಲಿ?" ಕೌಂಟರಿನ ಅಕ್ಕ ಇನ್ನೂ ಬಾಗಿಲಲ್ಲೇ ಇದ್ದಳು. ಅವಳ ದನಿಯಲ್ಲಿ ಎಂದಿನ ನಗೆ ಇರಲಿಲ್ಲ. "ಕಾಗದ ಅಲ್ಲ ಮಾರಾಯರೇ. ನಡ್ಕೊಂಡು ಬಂದಿದಾರೆ."

ಅವನು ತಲೆ ಎತ್ತಿದ. ಅಕ್ಕನ ಹಿಂದೆ ಒಬ್ಬ ಹೆಂಗಸು, ಅವಳ ಎರಡು ಕೈಗೆ ಇಬ್ಬರು ಹುಡುಗಿಯರು. ಏಳೆಂಟು ವರ್ಷವಿರಬಹುದು. ಅದೇ ಮೂಗು, ಅದೇ ಹಣೆ. ಒಬ್ಬಳ ಮುಂದಿನ ಹಲ್ಲು ಬಿದ್ದಿತ್ತು, ಇನ್ನೊಬ್ಬಳದು ಆಗಲೇ ಅರ್ಧ ಬಂದಿತ್ತು. ಹಲ್ಲಿಲ್ಲದವಳು ಅವನ ಮೇಜಿನ ಮೇಲಿನ ಪಂಚಿಂಗ್ ಯಂತ್ರವನ್ನು ನೋಡುತ್ತಿದ್ದಳು. ಹಲ್ಲು ಬಂದವಳು ಯಾವುದನ್ನೂ ನೋಡದೆ ಅಮ್ಮನ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅವನು ಪೆನ್ನು ಕೆಳಗಿಟ್ಟ.

"ಇವಳ ಹೆಸರು ಲಿಸ್ಟಲ್ಲಿ ಬಂದಿದೆ ಸಾರ್" ಎಂದು ಹೆಂಗಸು ಹಲ್ಲಿಲ್ಲದವಳ ತಲೆ ಮುಟ್ಟಿದಳು. "ಇವಳದ್ದು ಇಲ್ಲ. ಯಾಕೆ ಅಂತ ಕೇಳೋಕೆ ಬಂದೆ. ಇಬ್ಬರಿಗೂ ಒಂದೇ ಡಾಕ್ಟರ ಚೀಟಿ, ಒಂದೇ ಥರ ಕಿವಿ. ಇವತ್ತು ಐದು ಗಂಟೆಗೆ ಸೇರಿಸೋ ಹೊತ್ತು ಮುಗೀತದೆ ಅಂತ ಬರೆದಿದಾರೆ. ಫೋನ್ ಮಾಡಿದ್ರೆ ನೀವು ಎರಡು ಸಲ ಕಳಿಸಿದೀರಿ, ಒಂದು ತೆಗೆದಿದೀವಿ ಅಂದ್ರು. ಯಾವುದನ್ನ ತೆಗೆದ್ರಿ ಅಂದ್ರೆ, ಎರಡನೇದನ್ನ ಅಂದ್ರು."

"ಕೂತ್ಕೊಳ್ಳಿ" ಎಂದ. ಅವಳು ಕೂರಲಿಲ್ಲ.

ತೆಗೆದುಹಾಕಿದ ಜೋಡಿ ಅರ್ಜಿಗಳ ಪಟ್ಟಿ, ಹದಿನಾಲ್ಕು ಹಾಳೆ, ಕಪಾಟಿನ ಎರಡನೆಯ ಖಾನೆಯಲ್ಲಿತ್ತು. ಒಂಬತ್ತನೆಯ ಹಾಳೆ. ಹುಟ್ಟಿದ ತಾರೀಕು ಒಂದೇ, ತಂದೆಯ ಹೆಸರು ಒಂದೇ, ಫೋನ್ ಒಂದೇ. ಎಡಗಡೆ ಒಂದು ಹೆಸರು, ಬಲಗಡೆ ಬೇರೆಯೇ ಇನ್ನೊಂದು. ಒಂದು ಅಕ್ಷರದ ವ್ಯತ್ಯಾಸವಲ್ಲ. ಒಂದು ಹೂವಿನ ಹೆಸರು, ಇನ್ನೊಂದು ನದಿಯ ಹೆಸರು. ನದಿಯ ಹೆಸರಿನ ಮೇಲೆ ಯಂತ್ರ ಗೆರೆ ಎಳೆದಿತ್ತು. ಹಾಳೆಯ ಕೆಳಗೆ 'ಪರಿಶೀಲಿಸಿದೆ' ಎಂದು ಬರೆದು ಅವನ ಸಹಿ. ಸಹಿ ಮಾಡಿದ ದಿನದ ಮಧ್ಯಾಹ್ನ ಕಣ್ಣ ಮುಂದೆ ಬಂತು. ಎಲ್ಲರ ಎದುರು ಸಾಹೇಬರು, "ನಿಮ್ಮ ಪುಟ ಹೆತ್ತದ್ದನ್ನ ನೀವೇ ತೊಳೀರಿ, ಸಂಜೆಯೊಳಗೆ" ಎಂದಿದ್ದರು. ನಗು. ಅವನು ಕುರ್ಚಿಗೆ ಬಂದು ಕೂತಾಗ ಕಿವಿ ಸುಡುತ್ತಿತ್ತು. ಎರಡರಲ್ಲಿ ಮೊದಲನೆಯದನ್ನು ಉಳಿಸಿ ನಂತರದ್ದನ್ನು ತೆಗೆಯುವ ಪ್ರೋಗ್ರಾಂ ಬರೆದ. ಮೊದಲು ಮಗುವಿನ ಹೆಸರನ್ನೂ ಹೋಲಿಸುವಂತೆ ಬರೆದಿದ್ದ. ಆದರೆ ಕೆಲವರು ಹಿಂದಕ್ಕೆ ಹೋಗಿ ಅರ್ಜಿಯನ್ನು ಹೊಸದಾಗಿ ತುಂಬಿ, ಹೆಸರಿನ ದೀರ್ಘ, ಒತ್ತು ಬದಲಿಸಿದ್ದರಿಂದ ಅರವತ್ತೆಪ್ಪತ್ತು ಜೋಡಿ ತಪ್ಪಿಸಿಕೊಳ್ಳುತ್ತಿದ್ದವು. ಹೆಸರನ್ನು ಹೋಲಿಸುವ ಆ ಸಾಲನ್ನು ಅಳಿಸಿದ. ಎಷ್ಟು ಸುಲಭ, ಒಂದು ಸಾಲು. ಅಳಿಸುವಾಗ ಮನಸ್ಸಿನಲ್ಲಿದ್ದದ್ದು ಮಕ್ಕಳಲ್ಲ, ನಗುವಾಗ ಕಂಡ ಸಾಹೇಬರ ಹಲ್ಲು. ಹಾಳೆಗಳು ಅಚ್ಚಾಗಿ ಬಂದಾಗ ಐದಕ್ಕೆ ಹದಿನೈದು ನಿಮಿಷವಿತ್ತು. ನೋಡಿ ಸಹಿ ಮಾಡಬೇಕಿತ್ತು. ಮೂಲೆಗಳನ್ನು ಮಗುಚುತ್ತ ಸಹಿ ಮಾತ್ರ ಮಾಡಿದ, ಹದಿನಾಲ್ಕು ಸಲ, ಪ್ರತಿ ಸಹಿಯ ಕೊನೆಯ ಗೆರೆಯನ್ನೂ ಸಿಟ್ಟಿನಿಂದ ಉದ್ದಕ್ಕೆ ಎಳೆದು. ಒಬ್ಬನ ಮೇಲಿನ ಸಿಟ್ಟು ಇನ್ನೊಬ್ಬರ ಮನೆಗೆ ಹೋಗಿ ಕೂತಿತ್ತು.

ಇಷ್ಟೆಲ್ಲ ಅವಳಿಗೆ ಹೇಳಬಹುದಿತ್ತು. ಅವನು ಹೇಳಿದ್ದು, "ಬನ್ನಿ, ಒಳಗೆ ಮಾತಾಡೋಣ."

ಒಳಕೋಣೆಯಲ್ಲಿ ಆಮೇಲೆ ಸಾಹೇಬರು ಹಾಳೆಯನ್ನು ದೂರ ಹಿಡಿದು ಓದಿದರು, ಹತ್ತಿರ ಹಿಡಿದು ಓದಿದರು. ಹುಡುಗಿಯರು ಗೋಡೆಗೆ ಒರಗಿ ನಿಂತರು. ಹಲ್ಲಿಲ್ಲದವಳು ಎರಡು ಬೆರಳನ್ನು ಉಂಗುರ ಮಾಡಿ ಮೂಗಿನ ಮೇಲಿಟ್ಟು, ಕತ್ತು ಹಿಂದೆಮುಂದೆ ಮಾಡಿ ತಂಗಿಗೋ ಅಕ್ಕನಿಗೋ ತೋರಿಸಿದಳು. ಸಾಹೇಬರು, ತದ್ರೂಪ. ಇನ್ನೊಬ್ಬಳು ನಗಲಿಲ್ಲ. ತಾಯಿ ಕಣ್ಣಲ್ಲೇ ಗದರಿದಳು.

"ಆಯ್ತಮ್ಮ. ಹೀಗೆ ಮಾಡೋಣ" ಎಂದರು ಸಾಹೇಬರು. "ಲಿಸ್ಟು ಹೊರಬಿದ್ದಾಗಿದೆ. ಈಗ ಮುಟ್ಟೋಕಾಗಲ್ಲ. ನೀವು ಒಂದು ಕಾಗದ ಬರ್ಕೊಡಿ, ತಿಳಿಯದೆ ಎರಡು ಸಲ ಒತ್ತಿದ್ದೀನಿ, ಕ್ಷಮಿಸಬೇಕು ಅಂತ. ಮುಂದಿನ ವರ್ಷ ಈ ಮಗೂಗೆ ಮೊದಲ ಹಾಸಿಗೆ. ನಾನು ನೋಡ್ಕೋತೀನಿ."

"ಎರಡು ಸಲ ಒತ್ತಿದ್ದು ನಿಜ ಸಾರ್" ಎಂದಳು ಹೆಂಗಸು. "ಎರಡು ಸಲ ಹೆತ್ತಿದೀನಲ್ಲ."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದು ಹೆರಿಗೆಗೂ ಇನ್ನೊಂದಕ್ಕೂ ನಡುವೆ ಹನ್ನೊಂದು ನಿಮಿಷ" ಎಂದು ಅವಳೇ ಮುಂದುವರಿಸಿದಳು, ದನಿ ಏರಿಸದೆ, ಅಂಗಡಿಯಲ್ಲಿ ಅಳತೆ ಕೇಳುವ ಹಾಗೆ. "ನಾನು ಬಟ್ಟೆ ಹೊಲಿಯೋಳು. ಒಂದು ರವಿಕೆ ಹೊಲಿದ ಮೇಲೆ ಅದೇ ಅಳತೇಲಿ ಇನ್ನೊಂದು ಹೊಲಿದ್ರೆ ಯಾರೂ ಅದನ್ನ ನಕಲು ಅಂತ ಹರಿದು ಬಿಸಾಕಲ್ಲ. ಕಿರಿಯೋಳು ತೊಡೆ ಮೇಲೆ ಕೂತಿದ್ಲು, ಅವಳದ್ದು ಮೊದಲು ತುಂಬಿದೆ. ದೊಡ್ಡೋಳು ಪಾಪ ಕಾಯ್ತೀನಿ ಅಂದ್ಲು. ಕಾದಿದ್ದಕ್ಕೆ ತೆಗೆದ್ರಾ?"

"ಅದು ಕಂಪ್ಯೂಟರ್ ತೆಗೆದದ್ದಮ್ಮ, ನಾವಲ್ಲ."

"ಅದಕ್ಕೆ ಹೇಳಿಕೊಟ್ಟೋರು ಯಾರು?"

ಸಾಹೇಬರು ಅವನತ್ತ ನೋಡಲಿಲ್ಲ. ನೋಡದೆ ಇದ್ದ ಆ ದಾಕ್ಷಿಣ್ಯವೇ ಅವನಿಗೆ ಹೆಚ್ಚು ಅವಮಾನವೆನ್ನಿಸಿತು. ತನ್ನನ್ನು ಕಾಪಾಡುತ್ತಿದ್ದಾರೆ ಇವರು; ಆರು ವರ್ಷದಲ್ಲಿ ಮೊದಲ ಸಲ ತನ್ನ ಪರವಾಗಿ ನಿಂತಿದ್ದಾರೆ, ಅದೂ ಇಲ್ಲಿ. ಗಂಟೆ ಮೂರೂ ಕಾಲು. ಅವನು ಸಾಹೇಬರ ಮೇಜಿನ ಫೋನನ್ನು ಕೇಳದೆಯೇ ಎತ್ತಿ ಶಾಲೆಯ ವಾರ್ಡನ್ನರಿಗೆ ಹಚ್ಚಿದ. ವಾರ್ಡನ್ನರೂ ಹೆಂಗಸೇ, ದನಿ ಒರಟು, ಹಿಂದೆ ಪಾತ್ರೆಗಳ ಸದ್ದು. ಅವನು ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ. "ಒಂದು ಮಂಚ ಹೇಗೋ ತುರುಕ್ತೀನಿ" ಎಂದಿತು ದನಿ. "ಆದರೆ ಸುಮ್ಮನೆ ಸೇರಿಸ್ಕೊಂಡ್ರೆ ನಾಳೆ ನನ್ನ ಕುತ್ತಿಗೆಗೆ ಬರ್ತದೆ. ತಪ್ಪು ನಿಮ್ಮ ಕಡೆದು ಅಂತ ಕಾಗದ ಬೇಕು, ಸಹಿ ಮಾಡಿದೋರ ಸಹಿ ಬೇಕು. ಐದರೊಳಗೆ."

"ಬರೆಯೋ ಹಾಗಿಲ್ಲ" ಎಂದರು ಸಾಹೇಬರು, ಫೋನು ಇಡುವ ಮೊದಲೇ. "ತಪ್ಪು ನಮ್ಮದು ಅಂತ ಒಂದು ಸಲ ಕಚೇರಿ ಬರೆದ್ರೆ, ಸಿಗದೇ ಇರೋ ಐನೂರು ಜನ ನಾಳೆ ಬಾಗಿಲಲ್ಲಿ ನಿಲ್ತಾರೆ. ನಿಮಗೇನು, ಪ್ರೋಗ್ರಾಂ ಬರೆದು ಮನೆಗೆ ಹೋಗ್ತೀರಿ."

"ನಿಲ್ಲಲಿ" ಎಂದ ಅವನು.

"ಏನಂದ್ರಿ?"

"ನಿಲ್ಲಲಿ ಸರ್. ಬಂದು ನಿಂತು ಕೇಳಲಿ. ಎರಡು ದಿನದ ಕೆಲಸ ಅಂತ ಹಾಳೆ ತಂದು ತೋರಿಸಿದ್ದೆ, ಅದರ ಮೇಲೆ ಕನ್ನಡಕ ಇಟ್ರಿ. ಅದು ನಿಮ್ಮ ತಪ್ಪು. ಹೆಸರು ಹೋಲಿಸೋ ಸಾಲು ಅಳಿಸಿದ್ದು ನನ್ನ ತಪ್ಪು. ಈಯಮ್ಮ ಬರೆಯೋಕೆ ಇದರಲ್ಲಿ ಏನೂ ಇಲ್ಲ."

ತನ್ನ ದನಿಯಲ್ಲಿ ಸಿಟ್ಟಿನ ಜೊತೆ ಹೆದರಿಕೆಯೂ ಇದ್ದದ್ದು ಅವನಿಗೇ ಕೇಳಿಸಿತು. ಸಾಹೇಬರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಣಿವಿತ್ತು. ನಿವೃತ್ತಿಗೆ ಎಂಟು ತಿಂಗಳು ಉಳಿದಿದ್ದ ಮುಖ.

"ಬರೆದ್ರೆ ನಿಮ್ಮ ಹೆಸರಲ್ಲಿ ಬರೀರಿ. ಕಚೇರಿ ಮೊಹರು ಇಲ್ಲ. ನೋಡದೆ ಸಹಿ ಮಾಡಿದೆ ಅಂತ ಬರೆದ ಮೇಲೆ ಮೇಲಿನೋರು ಸುಮ್ಮನಿರಲ್ಲ, ತಿಳೀತಲ್ಲ. ನಾನು ಅಡ್ಡ ಬರಲ್ಲ. ಕಾಪಾಡೋದೂ ಇಲ್ಲ."

ಅವನು ತನ್ನ ಕುರ್ಚಿಗೆ ಬಂದು ಬರೆದ. ಟೈಪು ಮಾಡಲಿಲ್ಲ, ಕೈಯಲ್ಲೇ ಬರೆದ. ಇಬ್ಬರು ಮಕ್ಕಳ ಹೆಸರನ್ನೂ ಬಿಡಿಬಿಡಿಯಾಗಿ, ಒಂದೊಂದು ಸಾಲಿನಲ್ಲಿ. ಹೂವಿನ ಹೆಸರು. ನದಿಯ ಹೆಸರು. 'ಈ ಎರಡು ಅರ್ಜಿಗಳು ಇಬ್ಬರು ಮಕ್ಕಳವು. ಒಂದನ್ನು ತೆಗೆದದ್ದು ನಾನು ಬರೆದ ಪ್ರೋಗ್ರಾಮಿನ ದೋಷದಿಂದ. ಪರಿಶೀಲಿಸಿದೆ ಎಂದು ಸಹಿ ಮಾಡಿದ್ದೇನೆ, ಪರಿಶೀಲಿಸಿರಲಿಲ್ಲ.' ಕೊನೆಯ ಪದದ ಹತ್ತಿರ ಪೆನ್ನು ನಿಂತಿತು. 'ಕೆಲಸದ ಒತ್ತಡದಿಂದ' ಎಂದು ಸೇರಿಸುವ ಆಸೆಯಾಯಿತು. ಎರಡೇ ಪದ, ಎಲ್ಲರೂ ಸೇರಿಸುತ್ತಾರೆ. ಸೇರಿಸದೆ ಸಹಿ ಮಾಡಿ, ಫೋಟೋ ತೆಗೆದು ವಾರ್ಡನ್ನರ ಫೋನಿಗೆ ಕಳಿಸಿದ. ಕಳಿಸಿ ಕಾದ. ಒಂದು ನಿಮಿಷ. ಎರಡು. ಬೆರಳು ತಾನಾಗಿ ಇನ್ನೊಂದು ಸಲ ಕಳಿಸುವ ಗುರುತಿನ ಮೇಲೆ ಹೋಗಿ ಕೂತಿತ್ತು. ಅದನ್ನು ಕಂಡು ಅವನಿಗೆ ತನ್ನ ಬೆರಳಿನ ಮೇಲೆ ಹೇಸಿಗೆಯಂಥ ಕರುಣೆ ಬಂತು. ಮೂರನೆಯ ನಿಮಿಷಕ್ಕೆ ಉತ್ತರ ಬಂತು: 'ಬಂತು. ಮೂಲ ಪ್ರತಿ ತಾಯಿಯ ಕೈಲಿ ಕಳಿಸಿ. ಇಬ್ಬರೂ ಬರಲಿ.'

ಹೆಂಗಸು ಕಾಗದವನ್ನು ಎರಡಾಗಿ ಮಡಿಸಿ ಚೀಲದೊಳಗೆ ಇಟ್ಟಳು. ಕೌಂಟರಿನ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಬೇಗ ಹೊರಡಿ, ನಾಲ್ಕರ ಬಸ್ಸು ಸಿಗ್ತದೆ" ಎಂದಳು. ಹೆಂಗಸು ಹೊರಡಲಿಲ್ಲ. ಅವಳು ಥ್ಯಾಂಕ್ಸ್ ಹೇಳುತ್ತಾಳೆಂದು ತಾನು ಕಾಯುತ್ತಿದ್ದೇನೆ ಎಂಬುದು ಅವನಿಗೆ ತಿಳಿದದ್ದು, ಅವಳು ಹೇಳುವುದಿಲ್ಲವೆಂದು ತಿಳಿದಾಗ.

"ನಿನ್ನೆಯಿಂದ ಕೇಳ್ತಿದಾಳೆ" ಎಂದಳು, ಹಲ್ಲು ಬಂದವಳನ್ನು ಮುಂದಕ್ಕೆ ತಂದು. "ತನಗೆ ತಂಗಿಗಿಂತ ಜಾಸ್ತಿ ಕೇಳಿಸ್ತದಾ, ಇಲ್ಲ ಅವಳಿಗಿಂತ ಕಮ್ಮಿ ಕೇಳಿಸ್ತದಾ, ಯಾವುದಕ್ಕೆ ಬೇಡ ಅಂದ್ರು ಅಂತ. ರಾತ್ರಿ ಪಾತ್ರೆ ಬಡಿದು ಬಡಿದು ನೋಡ್ತಿದ್ಲು. ನನಗೆ ಗೊತ್ತಿಲ್ಲ ಅಂದೆ. ನಿಮಗೆ ಗೊತ್ತಲ್ಲ. ನೀವೇ ಹೇಳಿ."

"ನೀವೇ ಕೈಯಲ್ಲಿ ಹೇಳಿಬಿಡಿ. ಸಿಕ್ಕಿತಲ್ಲ ಈಗ."

"ಸಿಕ್ಕಿದ್ದು ನಾನು ಹೇಳ್ತೀನಿ. ಯಾಕೆ ತೆಗೆದ್ರಿ ಅನ್ನೋದು ನೀವು ಹೇಳಿ. ತುಟಿ ಓದ್ತಾಳೆ. ನಿಧಾನ ಹೇಳಿ."

ಅವನು ಕುಕ್ಕರುಗಾಲಿನಲ್ಲಿ ಕೂತ. ಹುಡುಗಿಯ ಕಣ್ಣು ಅವನ ಕಣ್ಣಿನ ಮೇಲಿರಲಿಲ್ಲ, ಬಾಯಿಯ ಮೇಲಿತ್ತು. ಯಾರೂ ತನ್ನ ಬಾಯನ್ನು ಹೀಗೆ ನೋಡಿದ್ದಿಲ್ಲ. ಪುಟ, ಸರ್ವರ್, ಸಾಲು, ಜೋಡಿ ಎಲ್ಲ ನಾಲಗೆಯ ತುದಿಗೆ ಬಂದು, ಅವುಗಳಲ್ಲಿ ಒಂದಕ್ಕೂ ತುಟಿಯಿಲ್ಲವೆಂದು ತಿಳಿದು ಹಿಂದಕ್ಕೆ ಹೋದವು. "ನಾನು ನೋಡಲಿಲ್ಲ" ಎಂದ.

ಹುಡುಗಿ ಹುಬ್ಬು ಗಂಟಿಕ್ಕಿ ತಾಯಿಯತ್ತ ಕೈ ಆಡಿಸಿದಳು.

"ಮೀಸೆ ಅಡ್ಡ ಬರ್ತದಂತೆ" ಎಂದಳು ತಾಯಿ.

ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಪಕ್ಕದ ಮೇಜುಗಳಲ್ಲಿ ಟೈಪು ಮಾಡುವ ಸದ್ದು ನಿಂತಿತ್ತು. ಅವನು ಬಲಗೈಯ ಎರಡು ಬೆರಳಿನಿಂದ ಮೀಸೆಯನ್ನು ಮೇಲಕ್ಕೆ ಎತ್ತಿ ಹಿಡಿದ. ಹಲ್ಲಿಲ್ಲದವಳು ಕಿಸಕ್ಕನೆ ನಕ್ಕಳು. ಆ ಸದ್ದು ದೊಡ್ಡದಾಗಿತ್ತು, ಎಷ್ಟು ದೊಡ್ಡದೆಂದು ಅವಳಿಗೆ ಗೊತ್ತಿರಲಿಲ್ಲ. ಹಾಗೇ ಹಿಡಿದುಕೊಂಡು, ಒಂದೊಂದು ಅಕ್ಷರಕ್ಕೂ ಬಾಯಿ ತೆರೆದು, "ನಾನು. ನಿನ್ನನ್ನ. ನೋಡಲಿಲ್ಲ. ತಪ್ಪು ನಂದು" ಎಂದ.

ಹುಡುಗಿ ಅವನ ತುಟಿಯಿಂದ ಕಣ್ಣು ತೆಗೆದು ಮೊದಲ ಸಲ ಅವನ ಕಣ್ಣು ನೋಡಿದಳು. ಸೆರಗಿನ ಅಂಚು ಅವಳ ಬೆರಳಿನಿಂದ ಬಿಚ್ಚಿಕೊಂಡಿತು. ಅವನು ಮಂಡಿಗೆ ಕೈ ಕೊಟ್ಟು ಏಳಲು ಹೋದ.

"ಇವಳಿಗೂ ಹೇಳಿ" ಎಂದಳು ತಾಯಿ, ಕಿರಿಯವಳ ಭುಜ ಹಿಡಿದು ಅವನ ಎದುರಿಗೆ ತಂದು ನಿಲ್ಲಿಸಿ. "ಒಬ್ಬಳಿಗೆ ಹೇಳಿದ್ರೆ ಇಬ್ಬರಿಗೂ ಹೇಳಿದ ಹಾಗಾಗಲ್ಲ."

ಹಲ್ಲಿಲ್ಲದವಳ ನಗೆ ನಿಂತಿತ್ತು. ಅವನು ಮತ್ತೆ ಕೂತು, ಮೀಸೆ ಎತ್ತಿ ಹಿಡಿದು, ಅವಳಿಗೆಂದೇ ಮೊದಲಿನಿಂದ ಶುರುಮಾಡಿದ.